ಗುಂಡು ಎಲ್ಲಿ ಸಿಕ್ಕಿಬಿದ್ದಿತು?

1857ರ ದಂಗೆಗೆ ತಕ್ಷಣದ ಕಾರಣವೇನು? ಹೈಸ್ಕೂಲಿನಲ್ಲಿ ನಾವೆಲ್ಲ ಈ ಪ್ರಶ್ನೆಗೆ ಎರಡು ಅಂಕದ ಉತ್ತರ ಬರೆದವರೇ. ದನ ಮತ್ತು ಹಂದಿಯ ಕೊಬ್ಬು ಸವರಿದ ತೋಟಾ, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು, ಸಿಪಾಯಿಗಳು ಒಪ್ಪಲಿಲ್ಲ. ಅಷ್ಟು ಬರೆದರೆ ಎರಡಕ್ಕೆ ಎರಡು. ಆದರೆ ಒಂದು ತೋಟಾಕ್ಕೆ ಕೊಬ್ಬನ್ನು ಯಾಕಾದರೂ ಸವರಬೇಕು? ಕೋವಿಯೇನು ದೋಸೆ ಕಾವಲಿಯಾ? ಇದನ್ನು ಮಾಷ್ಟ್ರು ಹೇಳಲಿಲ್ಲ, ನಾವು ಯಾರೂ ಕೇಳಲೂ ಇಲ್ಲ.

ಉತ್ತರ ಬಹಳ ಸಣ್ಣದು. ಸವರದಿದ್ದರೆ ಗುಂಡು ನಳಿಗೆಯೊಳಗೆ ಇಳಿಯುತ್ತಿರಲಿಲ್ಲ. ಮೊದಲ ನಾಲ್ಕೈದು ಇಳಿಯುತ್ತಿತ್ತು, ಆಮೇಲೆ ಸಿಕ್ಕಿಬೀಳುತ್ತಿತ್ತು.

ಈ ಸಿಕ್ಕಿಬೀಳುವ ಗುಂಡಿನ ಹಿಂದೆ ನಾನು ಬಿದ್ದದ್ದು ಇಬ್ಬರು ನೆಂಟರಿಂದಾಗಿ. ಒಬ್ಬರು ಕಾಪುವಿನ ನಮ್ಮ ಬಾವ. 1901ರಲ್ಲಿ ಕಟ್ಟಿದ ಆ ದೀಪಸ್ತಂಭದ ಬೆಳಕು ಬೀಳುವ ಅಂಗಳದಲ್ಲಿ ಆಡಿ ಬೆಳೆದವರು, ಈಗ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾರೆ. ವಾರವಿಡೀ ಕಂಪ್ಯೂಟರ್ ಕೆಲಸ, ಶನಿವಾರ ಬಂತೆಂದರೆ ಗ್ಯಾರೇಜಿನಲ್ಲಿ ಸೀಸ ಕರಗಿಸಿ ಪಿಸ್ತೂಲಿನ ಗುಂಡು ಎರೆಯುವುದು. ಇನ್ನೊಬ್ಬರು ಕಾರ್ಕಳದಿಂದ ಘಾಟಿಯ ಬುಡದ ಕಡೆಗೆ ಹೋದರೆ ಸಿಗುವ ಊರಿನಲ್ಲಿರುವ ನನ್ನ ಸೋದರಮಾವ. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ, ಮತ್ತೆ ಅಜ್ಜನ ಕಾಲದ ಒಂದು ಕೇಪಿನ ಕೋವಿ, ಲೈಸೆನ್ಸ್ ಸಮೇತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ವರ್ಷಗಳಾದವು. ಆದರೆ ಇಬ್ಬರ ದೂರೂ ಒಂದೇ: "ಇದು ಸರಿ ನಡೀತಾ ಇಲ್ಲ ಮಾರಾಯ." ನಡುವೆ ಮಣಿಪಾಲದ ಆಫೀಸಿನಲ್ಲಿ ಕೂತು ಇಬ್ಬರ ವಾಟ್ಸಾಪ್‌ಗೂ ಉತ್ತರ ಹುಡುಕುವವನು ನಾನು.

ಹುಡುಕುತ್ತಾ ಹೋದಾಗ ಗೊತ್ತಾದದ್ದು ಇಷ್ಟು. ಮೆತ್ತಗಿನ ಸೀಸವನ್ನು ಗಟ್ಟಿ ಉಕ್ಕಿನೊಳಗೆ ಸರಿಯಾಗಿ ಕೂರಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಜಗತ್ತು ಇನ್ನೂರು ವರ್ಷ ತಲೆ ಕೆಡಿಸಿಕೊಂಡಿದೆ. ಸಿಕ್ಕಿದ ಒಂದೊಂದು ಉತ್ತರವೂ ಗುಂಡು ಮಾಡುವ ಕೆಲಸವನ್ನು ಮನೆಯಿಂದ ಸ್ವಲ್ಪ ಸ್ವಲ್ಪವೇ ಕಾರ್ಖಾನೆಗೆ ಸಾಗಿಸಿತು. ನಮ್ಮ ಮಾವನ ಅಂಗಳದಲ್ಲಿ ಮಾತ್ರ ಆ ಸಾಗಾಟ ನಡೆಯಲಿಲ್ಲ. ಅದು ಮಾವನ ಹಳೇಕಾಲದ ಹಟದಿಂದಲ್ಲ. ಕಾನೂನೇ ಹಾಗೆ ಬರೆದಿಟ್ಟಿದೆ.

ಮೊದಲು ಸೀಸದ ಕತೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅಂದರೆ ಗೆರಟೆ ಉರಿಸಿದ ಒಲೆ ಸಾಕು, ಕುಲುಮೆ ಬೇಡ. ಭಾರ ಇದೆ, ಅಗ್ಗ, ಅಚ್ಚಿನಲ್ಲಿ ಹೊಯ್ದರೆ ಆಕಾರ ಹಿಡಿಯುತ್ತದೆ. ನಮ್ಮ ಅಜ್ಜನ ಬಳಿ ಅಡಿಕೆ ಕತ್ತರಿಯ ಹಾಗಿನ ಒಂದು ಕಬ್ಬಿಣದ ಅಚ್ಚು ಇತ್ತು, ಈಗಲೂ ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿದೆ. ಸೀಸ ಎಲ್ಲಿಂದ ಅಂದರೆ ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿಗಳಿಂದ. ಮೀನು ಹಿಡಿಯುವ ಊರಿನಲ್ಲಿ ಅದಕ್ಕೇನು ಬರ? ಕಡಲಿನ ಸೀಸ ಘಾಟಿಯ ಬುಡದಲ್ಲಿ ಗುಂಡಾಗುತ್ತಿತ್ತು.

ಮೆತ್ತಗಿರುವುದೇ ಸೀಸದ ಗುಣ, ಮೆತ್ತಗಿರುವುದೇ ಅದರ ದೋಷ. ಹಳೆಯ ಕೋವಿಗಳಿಗೆ ಒಳಗೆ ನುಣುಪಾದ ನಳಿಗೆ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದ 'ಬ್ರೌನ್ ಬೆಸ್' ಮಸ್ಕೆಟಿನ ನಳಿಗೆಯ ಒಳ ಅಗಲ ಸುಮಾರು 0.75 ಇಂಚು, ಅದರೊಳಗೆ ಹಾಕುವ ಗುಂಡು ಸುಮಾರು 0.69 ಇಂಚು. ಅಷ್ಟು ಸಡಿಲ. ಬಾಯಿಯಿಂದ ಬಿಟ್ಟರೆ ಉರುಳಿಕೊಂಡು ತಳಕ್ಕೆ ಹೋಗುತ್ತದೆ. ಪಳಗಿದವನು ನಿಮಿಷಕ್ಕೆ ಮೂರು ಸಲ ಹಾರಿಸಬಹುದು. ಆದರೆ ಸಡಿಲ ಗುಂಡು ಹೊರಗೆ ಬರುವಾಗ ನಳಿಗೆಗೆ ಅತ್ತ ಇತ್ತ ಬಡಿದುಕೊಂಡೇ ಬರುತ್ತದೆ. ನೂರು ಗಜ ದಾಟಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ಗುಂಡಿಗೂ ಗೊತ್ತಿಲ್ಲ, ಹೊಡೆದವನಿಗೂ ಗೊತ್ತಿಲ್ಲ.

ಗುರಿ ಬೇಕಾದರೆ ನಳಿಗೆಯೊಳಗೆ ಸುರುಳಿ ಗೀರುಗಳನ್ನು ಕೊರೆಯಬೇಕು, ಗುಂಡು ಅವನ್ನು ಬಿಗಿಯಾಗಿ ಕಚ್ಚಿ ಬುಗುರಿಯ ಹಾಗೆ ತಿರುಗುತ್ತಾ ಹೊರಡಬೇಕು. ಇದೇ ರೈಫಲ್. ಆದರೆ ಬಿಗಿಯಾದ ಗುಂಡನ್ನು ಬಾಯಿಯಿಂದ ತಳದವರೆಗೆ ಇಳಿಸುವುದು ಹೇಗೆ? 1800ರಲ್ಲಿ ಬಂದ ಬ್ರಿಟಿಷರ ಬೇಕರ್ ರೈಫಲ್‌ನ ಜೊತೆಗೆ ಶುರುವಿನಲ್ಲಿ ಒಂದೊಂದು ಮರದ ಸುತ್ತಿಗೆಯನ್ನೂ ಕೊಟ್ಟಿದ್ದರಂತೆ, ಗುಂಡನ್ನು ಬಡಿದು ಇಳಿಸಲಿಕ್ಕೆ. ಎದುರಿಗೆ ಶತ್ರು ಓಡಿ ಬರುವಾಗ ಸುತ್ತಿಗೆ ಹುಡುಕುವ ಸೈನಿಕನ ಅವಸ್ಥೆ ಯೋಚಿಸಿ.

1849ರ ಹೊತ್ತಿಗೆ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಇದಕ್ಕೊಂದು ಜಾಣ ದಾರಿ ಕಂಡುಕೊಂಡ. ಗುಂಡನ್ನು ಸ್ವಲ್ಪ ಸಣ್ಣದಾಗಿಯೇ ಮಾಡು, ಬುಡದಲ್ಲಿ ಟೊಳ್ಳು ಬಿಡು. ಇಳಿಯುವಾಗ ಸಲೀಸಾಗಿ ಇಳಿಯಲಿ. ಮದ್ದು ಸಿಡಿದಾಗ ಅದರ ಒತ್ತಡಕ್ಕೆ ಮೆತ್ತಗಿನ ಸೀಸದ ಬುಡ ಅರಳಿ ಗೀರುಗಳನ್ನು ಕಚ್ಚಿಕೊಳ್ಳಲಿ. ದೋಷವನ್ನೇ ಗುಣ ಮಾಡಿದ ಉಪಾಯ. ಇದೇ ತತ್ವದ ಮೇಲೆ ಬ್ರಿಟಿಷರು 1853ರ ಎನ್‌ಫೀಲ್ಡ್ ರೈಫಲ್ ತಂದರು. ನಳಿಗೆ 0.577 ಇಂಚು, ಗುಂಡು 0.568 ಇಂಚು. ವ್ಯತ್ಯಾಸ ಇಂಚಿನ ಸಾವಿರದಲ್ಲಿ ಒಂಬತ್ತು ಪಾಲು. ವರ್ಕ್‌ಶಾಪಿನವರು 'ಥೌ' ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಒಂಬತ್ತು ಥೌ. ನಮ್ಮ ಒಂದು ತಲೆಗೂದಲು ಸುಮಾರು ಮೂರು ಥೌ ದಪ್ಪ ಇರುತ್ತದೆ.

ಇನ್ನು ಆ ತೋಟಾ. ಅದು ಹಿತ್ತಾಳೆಯದ್ದಲ್ಲ, ಕಾಗದದ ಕೊಳವೆ. ಒಂದು ಕಡೆ ಅಳೆದ ಮದ್ದು, ಇನ್ನೊಂದು ಕಡೆ ಗುಂಡು. ತುದಿಯನ್ನು ಹಲ್ಲಿನಲ್ಲಿ ಹರಿ, ಮದ್ದು ಸುರಿ, ತಿರುಗಿಸಿ ಗುಂಡಿರುವ ತುದಿಯನ್ನು ಕಾಗದದ ಸಮೇತ ನಳಿಗೆಯ ಬಾಯಿಗಿಡು, ಉಳಿದ ಕಾಗದ ಕಿತ್ತು ಬಿಸಾಡು, ಸರಳಿನಿಂದ ಜಡಿ. ಕರಿಮದ್ದು ಉರಿದ ಮೇಲೆ ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ ಗಟ್ಟಿ ಪದಾರ್ಥವಾಗಿ ಉಳಿಯುತ್ತದೆ. ನಾಲ್ಕೈದು ಸಲ ಹಾರಿಸುವಷ್ಟರಲ್ಲಿ ಆ ಒಂಬತ್ತು ಥೌ ಜಾಗವನ್ನು ಮಸಿ ತಿಂದು ಮುಗಿಸುತ್ತದೆ. ಗುಂಡಿನ ಸುತ್ತಲಿನ ಕಾಗದಕ್ಕೆ ಜಿಡ್ಡು ಸವರಿದ್ದರೆ ಮಸಿ ಮೆತ್ತಗಿರುತ್ತದೆ, ಗುಂಡು ಜಾರುತ್ತದೆ. ಅದಕ್ಕೇ ಕೊಬ್ಬು ಮತ್ತು ಜೇನುಮೇಣದ ಮಿಶ್ರಣ.

ಯಾವ ಪ್ರಾಣಿಯ ಕೊಬ್ಬು? ಸರಬರಾಜು ಮಾಡಿದವನು ಕೊಟ್ಟದ್ದು. ಅದರ ಲೆಕ್ಕ ಇಡುವ ಅಗತ್ಯ ಯಾರಿಗೂ ಕಾಣಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತದ ಹತ್ತಿರದ ಡಮ್‌ಡಮ್‌ನಲ್ಲಿ ಗುಸುಗುಸು ಶುರುವಾಯಿತು. ಅದೇ ತಿಂಗಳ ಕೊನೆಗೆ ಸರಕಾರ, ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಸವರಿಕೊಳ್ಳಲಿ ಅಂದಿತು. ಆಮೇಲೆ ಹಲ್ಲಿನಲ್ಲಿ ಕಚ್ಚುವುದು ಬೇಡ, ಬೆರಳಿನಲ್ಲಿ ಹರಿದರೆ ಸಾಕು ಅಂತ ಕವಾಯತನ್ನೂ ಬದಲಿಸಿತು. ತಾಂತ್ರಿಕವಾಗಿ ನೋಡಿದರೆ ಸಮಸ್ಯೆ ಅಲ್ಲಿಗೆ ಪರಿಹಾರ ಆಗಬೇಕಿತ್ತು. ಆದರೆ "ಬೇಡದಿದ್ದರೆ ಬೇರೆ ಸವರಿಕೊಳ್ಳಿ" ಅಂದರೆ ಮೊದಲು ಸವರಿದ್ದು ಅದೇ ಅಂತ ಒಪ್ಪಿಕೊಂಡ ಹಾಗೆ ಕೇಳುತ್ತದೆ ಅಲ್ವಾ? ಏಪ್ರಿಲ್ 24ರಂದು ಮೀರತ್‌ನ ಕವಾಯತಿನಲ್ಲಿ 85 ಮಂದಿ ಸವಾರರು ತೋಟಾ ಮುಟ್ಟಲು ನಿರಾಕರಿಸಿದರು. ಸ್ವಾರಸ್ಯ ಏನೆಂದರೆ, ಆ ದಿನ ಅವರ ಮುಂದೆ ಇಟ್ಟದ್ದು ಹೊಸ ಎನ್‌ಫೀಲ್ಡ್ ತೋಟಾವೇ ಅಲ್ಲ. ಅವರು ಮೊದಲಿನಿಂದಲೂ ಬಳಸುತ್ತಿದ್ದ ಹಳೆಯ ತೋಟಾ. ಅಷ್ಟರಲ್ಲಿ ಸಿಕ್ಕಿಬಿದ್ದದ್ದು ಗುಂಡಲ್ಲ, ನಂಬಿಕೆ. ಮೇ 10ಕ್ಕೆ ಮೀರತ್ ಹೊತ್ತಿ ಉರಿಯಿತು.

ಹೆಚ್ಚಿನ ಪುಸ್ತಕಗಳು ಇಲ್ಲಿಂದ ದೆಹಲಿಗೆ ಹೋಗುತ್ತವೆ. ನಾವು ಗುಂಡಿನ ಜೊತೆಗೇ ಇರೋಣ. ಆ ಯುದ್ಧದಲ್ಲಿ ಎನ್‌ಫೀಲ್ಡ್ ಹಿಡಿದು ಹೋರಾಡಿದ ಬ್ರಿಟಿಷ್ ಸೈನಿಕರಿಗೂ ಅದೇ ಪಾಡು, ಗುಂಡು ಇಳಿಯದು. ಇಂಗ್ಲೆಂಡಿನ ತಂಪು ಹವೆಯಲ್ಲಿ ಸರಿಯಾಗಿದ್ದ ಅಳತೆ ಇಲ್ಲಿನ ಬಿಸಿಲಿಗೆ ಸರಿಹೋಗಲಿಲ್ಲ. ಕೊನೆಗೆ ಗುಂಡಿನ ವ್ಯಾಸವನ್ನು 0.568ರಿಂದ 0.55 ಇಂಚಿಗೆ ಇಳಿಸಿದರು. ಹದಿನೆಂಟು ಥೌ, ಆರು ತಲೆಗೂದಲು. ಜಿಡ್ಡಿನಲ್ಲಿ ಕೊಬ್ಬಿನ ಪಾಲು ಕಡಿಮೆಯಾಗಿ ಮೇಣದ ಪಾಲು ಹೆಚ್ಚಾಯಿತು. ಇದೇ ಸಣ್ಣ ಗುಂಡು ಮೂರು ವರ್ಷ ಮೊದಲು ಬಂದಿದ್ದರೆ ದಂಗೆ ಆಗುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ಸಿಟ್ಟಿಗೆ ಕಾರಣಗಳೂ ಅಷ್ಟೇ ದೊಡ್ಡವಿದ್ದವು. ಬೆಂಕಿಪೊಟ್ಟಣ ಮಾತ್ರ ಬೇರೆ ಆಗುತ್ತಿತ್ತು.

ದಂಗೆ ಅಡಗಿದ ಮೇಲೆ ಬ್ರಿಟಿಷರು ಎರಡು ಕೆಲಸ ಮಾಡಿದರು. ಒಂದು, ದೇಶೀ ಸಿಪಾಯಿಗಳಿಗಾಗಿ 1858ರಲ್ಲಿ ಎನ್‌ಫೀಲ್ಡಿನದೇ ಒಂದು ಬೇರೆ ಮಾದರಿ ಮಾಡಿಸಿದರು. ಹೊರಗಿನಿಂದ ರೈಫಲಿನ ಹಾಗೇ, ಒಳಗೆ ಗೀರುಗಳೇ ಇಲ್ಲ, ನುಣುಪು ನಳಿಗೆ. ಗುಂಡು ಸಲೀಸಾಗಿ ಇಳಿಯುತ್ತದೆ, ಆದರೆ ದೂರಕ್ಕೆ ಗುರಿ ಇಲ್ಲ. ಬೇಕೆಂದೇ ಕೆಡಿಸಿದ ಕೋವಿ. ಎರಡು, ಕಾನೂನು. 1860ರಲ್ಲಿ ಒಂದು ಶಸ್ತ್ರ ಕಾಯ್ದೆ, 1878ರಲ್ಲಿ ಲಿಟ್ಟನ್ ಕಾಲದ ಇನ್ನೊಂದು. ಲೈಸೆನ್ಸ್ ಇಲ್ಲದೆ ಕೋವಿ ಇಡುವಂತಿಲ್ಲ, ಮದ್ದು ಗುಂಡು ಮಾಡುವಂತಿಲ್ಲ.

ಆಗ ಉಡುಪಿ, ಕಾರ್ಕಳ ಎಲ್ಲ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತ ದಂಡು ಮಂಗಳೂರನ್ನೇ ಹದಿಮೂರು ದಿನ ಹಿಡಿದಿಟ್ಟುಕೊಂಡ ಜಿಲ್ಲೆ. ಘಾಟಿಯ ಆಚೆಗೆ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ನಮ್ಮ ಕರಾವಳಿಗೆ ಅಂಥದ್ದೇನೂ ಇಲ್ಲ. ನಮ್ಮಲ್ಲಿ ಕೋವಿ ಅಂದರೆ ಅರ್ಜಿ, ವಿಚಾರಣೆ, ಸಹಿ, ಸೀಲು.

ಈ ನಡುವೆ ಹೊರಗಿನ ಜಗತ್ತಿನಲ್ಲಿ ಗುಂಡು ಮನೆ ಬಿಟ್ಟು ಹೊರಟಾಗಿತ್ತು. 1860ರ ದಶಕದಲ್ಲಿ ಎನ್‌ಫೀಲ್ಡನ್ನೇ ಹಿಂದಿನಿಂದ ತೆರೆಯುವ ಸ್ನೈಡರ್ ಆಗಿ ಮಾರ್ಪಡಿಸಿದರು. ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಹಿತ್ತಾಳೆಯ ಚಿಪ್ಪಿನಲ್ಲಿ ಕೂರಿಸಿದ ತೋಟಾ ಬಂತು. ಬಾಯಿಯಿಂದ ಇಳಿಸುವ ರಗಳೆಯೇ ಮುಗಿಯಿತು. ಆಮೇಲೆ 1880ರ ದಶಕದಲ್ಲಿ ಹೊಗೆರಹಿತ ಮದ್ದು. ಅದರ ವೇಗಕ್ಕೆ ಬರೀ ಸೀಸದ ಗುಂಡು ನಳಿಗೆಯಲ್ಲಿ ಸವೆದು ಅಂಟಿಕೊಳ್ಳುವುದನ್ನು ತಪ್ಪಿಸಲು ತಾಮ್ರದ ಅಂಗಿ ತೊಡಿಸಿದರು. ಸ್ವಿಟ್ಜರ್ಲೆಂಡಿನ ಎಡುವರ್ಡ್ ರುಬಿನ್ 1882ರಲ್ಲಿ ಮಾಡಿದ ಕೆಲಸ. 1893ರಲ್ಲಿ ಬೋರ್ಶಾರ್ಟ್ ಪಿಸ್ತೂಲು ಬಂತು, ತನ್ನಷ್ಟಕ್ಕೇ ಮುಂದಿನ ತೋಟಾವನ್ನು ತುಂಬಿಕೊಳ್ಳುವುದು. ಬ್ರೌನಿಂಗ್‌ನ ಪಿಸ್ತೂಲುಗಳು ಅದರ ಹಿಂದೆಯೇ ಬಂದವು.

ಪಿಸ್ತೂಲಿನಲ್ಲಿ ತೋಟಾ ಹೋಗುವ ದಾರಿ ಸ್ವಲ್ಪ ನೋಡಿ. ಹಿಡಿಯೊಳಗಿನ ಮ್ಯಾಗಜೀನಿನಿಂದ ಸ್ಪ್ರಿಂಗ್ ತೋಟಾವನ್ನು ಮೇಲಕ್ಕೆ ನೂಕುತ್ತದೆ. ಮೇಲಿನ ಸ್ಲೈಡ್ ಹಿಂದಿನಿಂದ ಬಂದು ಅದನ್ನು ಮುಂದಕ್ಕೆ ತಳ್ಳುತ್ತದೆ. ಗುಂಡಿನ ಮೂತಿ ಒಂದು ಇಳಿಜಾರಿಗೆ ತಾಗಿ, ಜಾರಿ, ಮೇಲೇರಿ, ಚೇಂಬರಿನ ಒಳಗೆ ನೆಟ್ಟಗಾಗಿ ಕೂರಬೇಕು. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ. ತಾಮ್ರದ ಅಂಗಿ ತೊಟ್ಟ ದುಂಡು ಮೂತಿ ಜಾರುತ್ತದೆ. ಬೆತ್ತಲೆ ಸೀಸ ಇಳಿಜಾರಿಗೆ ಕಚ್ಚಿಕೊಳ್ಳಲೂಬಹುದು. ಕಾರ್ಖಾನೆಯ ತಾಮ್ರದ ಗುಂಡು ಪಿಸ್ತೂಲಿನ ಮಟ್ಟಿಗೆ ಗೆದ್ದದ್ದು ಹೀಗೆ. ತಾಮ್ರದ ಅಂಗಿಯನ್ನು ಯಾರೂ ಒಲೆಯ ಮುಂದೆ ಕೂತು ಹೊಲಿಯಲಿಕ್ಕೆ ಆಗುವುದಿಲ್ಲ.

ಬಾವ ಆ ನೂರು ವರ್ಷದ ತೀರ್ಮಾನದ ವಿರುದ್ಧ ಈಜಲು ಹೊರಟವರು. ಅಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಸಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಲೈಸೆನ್ಸ್ ಬೇಡ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ, ಹಾಗಾಗಿ ಇದನ್ನು ಓದಿ ಯಾರೂ ಕುಕ್ಕರ್ ಹುಡುಕಬೇಡಿ. ಅವರ ಪಿಸ್ತೂಲು 1911ರ ಮಾದರಿಯ .45. ದುಂಡು ಮೂತಿಯ, ತಾಮ್ರದ ಅಂಗಿಯ ಗುಂಡಿಗಾಗಿಯೇ ವಿನ್ಯಾಸ ಮಾಡಿದ್ದು. ಅದಕ್ಕೆ ಇವರು ಎರೆದದ್ದು ಚಪ್ಪಟೆ ಮೂತಿಯ ಸೀಸದ ಗುಂಡು. "ಐದು ಹೋಗ್ತದೆ, ಆರನೇದು ಬಾಗಿಲಲ್ಲೇ ನಿಲ್ತದೆ" ಅಂತ ವಿಡಿಯೋ ಕಳಿಸಿದರು. ಕ್ಲಬ್ಬಿನಲ್ಲಿ ಕೆಲವರು ಇಳಿಜಾರನ್ನು ಪಾಲಿಶ್ ಮಾಡು ಅಂದರಂತೆ, ಕೆಲವರು ಸ್ಪ್ರಿಂಗ್ ಬದಲಿಸು ಅಂದರಂತೆ, ಒಬ್ಬ ಪಿಸ್ತೂಲನ್ನೇ ಮಾರಿಬಿಡು ಅಂದನಂತೆ.

ನನಗೆ ಪಿಸ್ತೂಲು ಗೊತ್ತಿಲ್ಲ, ಆದರೆ ಸಾಫ್ಟ್‌ವೇರ್ ಗೊತ್ತು. ಕೋಡ್ ಕೆಟ್ಟರೆ ಮೊದಲು ಮಾಡುವುದೇನು? ಎಲ್ಲವನ್ನೂ ಒಟ್ಟಿಗೆ ಬದಲಿಸುವುದಿಲ್ಲ, ಒಂದೊಂದನ್ನೇ ಬೇರ್ಪಡಿಸಿ ನೋಡುವುದು. "ಬಾವ, ಅಂಗಡಿಯ ತೋಟಾ ಹಾಕಿ ನೋಡಿದಿರಾ?" ಕೇಳಿದೆ. ಅದು ಒಂದೂ ಸಿಕ್ಕಿಬೀಳಲಿಲ್ಲ. ಅಂದರೆ ಪಿಸ್ತೂಲು, ಸ್ಪ್ರಿಂಗ್, ಇಳಿಜಾರು ಎಲ್ಲ ಸರಿ ಇವೆ. ಮ್ಯಾಗಜೀನ್ ಬದಲಿಸಿದರು, ತೊಂದರೆ ಹಾಗೇ ಉಳಿಯಿತು. ಮತ್ತೆ ಉಳಿದದ್ದು ಅವರ ಗುಂಡು ಮಾತ್ರ. ಕೈಯಲ್ಲಿ ತೋಟಾ ಮಾಡುವವರು ಇದಕ್ಕೊಂದು ಹಳೆಯ ಪರೀಕ್ಷೆ ಇಟ್ಟುಕೊಂಡಿದ್ದಾರೆ. ಪಿಸ್ತೂಲಿನ ಬ್ಯಾರೆಲನ್ನು ಬಿಚ್ಚಿ ಕೈಯಲ್ಲಿ ಹಿಡಿದು ತೋಟಾವನ್ನು ಸುಮ್ಮನೆ ಅದರೊಳಗೆ ಬೀಳಬಿಡುವುದು. ಅಂಗಡಿಯದ್ದು 'ಟಕ್' ಅಂತ ತಳಕ್ಕೆ ಕೂತಿತು. ಬಾವನದ್ದು ಸದ್ದೇ ಇಲ್ಲದೆ, ಕೂದಲೆಳೆಯಷ್ಟು ಮೇಲೆಯೇ ನಿಂತಿತು.

ಕಾರಣ ಸಿಕ್ಕಿತು. ಈ ತೋಟಾ ಚೇಂಬರಿನಲ್ಲಿ ನಿಲ್ಲುವುದೇ ತನ್ನ ಚಿಪ್ಪಿನ ಬಾಯಿಯ ಅಂಚಿನ ಮೇಲೆ. ತಾಮ್ರದ ಗುಂಡು 0.451 ಇಂಚು, ಎರೆದ ಸೀಸದ್ದು ಸಾಮಾನ್ಯವಾಗಿ 0.452, ಒಂದು ಥೌ ದಪ್ಪ. ಅದನ್ನು ಚಿಪ್ಪಿನೊಳಗೆ ಒತ್ತುವ ಮೊದಲು ಚಿಪ್ಪಿನ ಬಾಯಿಯನ್ನು ಸಾಕಷ್ಟು ಅಗಲಿಸದಿದ್ದರೆ ಹಿತ್ತಾಳೆಯ ಅಂಚು ತೆಂಗಿನಕಾಯಿ ತುರಿದ ಹಾಗೆ ಸೀಸವನ್ನು ತುರಿಯುತ್ತದೆ. ಆ ತುರಿ ಬಾಯಿಯ ಸುತ್ತ ಸಣ್ಣ ಬಳೆಯ ಹಾಗೆ ಕೂರುತ್ತದೆ. ಆ ಬಳೆ ಇದ್ದರೆ ತೋಟಾ ಪೂರ್ತಿ ಒಳಗೆ ಹೋಗದು, ಸ್ಲೈಡ್ ಪೂರ್ತಿ ಮುಚ್ಚದು. ಇನ್ನು ಅಗಲಿಸಿದ ಬಾಯಿಯನ್ನು ಗುಂಡು ಕೂರಿಸಿದ ಮೇಲೆ ಮತ್ತೆ ನೆಟ್ಟಗೆ ಮಾಡದಿದ್ದರೂ ಅದೇ ಕತೆ. ಚಪ್ಪಟೆ ಮೂತಿಯನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂಬ ಲೆಕ್ಕ ತಪ್ಪಿದರೂ ಅದೇ. ಬಾವ ಬಾಯಿ ಅಗಲಿಸುವ ಹಂತ ಸರಿಮಾಡಿಕೊಂಡರು. ಪ್ರತಿ ತೋಟಾವನ್ನೂ ಬ್ಯಾರೆಲಿಗೆ ಹಾಕಿ 'ಟಕ್' ಕೇಳಿಸಿಕೊಂಡೇ ಡಬ್ಬಿಗೆ ಹಾಕಲು ಶುರುಮಾಡಿದರು. ಈಗ ವಿಡಿಯೋ ಬರುವುದು ನಿಂತಿದೆ.

ಬೆತ್ತಲೆ ಸೀಸ ಪಿಸ್ತೂಲಿಗೆ ಆಗುವುದೇ ಇಲ್ಲ ಅಂತಲ್ಲ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಬಹಳ ಮಂದಿ ಬಳಸುವ .32 ತೋಟಾದಲ್ಲಿ ಇರುವುದು ಮೂತಿಯೇ ಇಲ್ಲದ, ಚಿಪ್ಪಿನ ಅಂಚಿಗೆ ಸಮವಾಗಿ ಕೂತ ಚಪ್ಪಟೆ ಸೀಸದ ಗುಂಡು. ಕಾಗದದ ಗುರಿಯಲ್ಲಿ ಪಂಚಿಂಗ್ ಮೆಷಿನಿನ ಹಾಗೆ ದುಂಡಗಿನ ತೂತು ಮಾಡುತ್ತದೆ, ಅಂಕ ಎಣಿಸಲು ಜಗಳ ಇಲ್ಲ. ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯಾಡ್‌ನಲ್ಲೂ 2006ರ ದೋಹಾದಲ್ಲೂ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಆದರೆ ಅಂಥ ಗುಂಡಿಗಾಗಿ ಪಿಸ್ತೂಲನ್ನೇ ಬೇರೆ ಥರ ಕಟ್ಟಿರುತ್ತಾರೆ. ಗುಂಡಿಗೆ ತಕ್ಕ ಕೋವಿ, ಇಲ್ಲವೇ ಕೋವಿಗೆ ತಕ್ಕ ಗುಂಡು. ಎರಡರಲ್ಲಿ ಒಂದು ಬಗ್ಗಲೇಬೇಕು.

ಈಗ ಕಾರ್ಕಳಕ್ಕೆ ಬನ್ನಿ. ಮಾವನ ಕೋವಿಗೆ ಮ್ಯಾಗಜೀನಿಲ್ಲ, ಸ್ಲೈಡಿಲ್ಲ, ಚಿಪ್ಪೂ ಇಲ್ಲ. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರಿನ ಉಂಡೆ ಹಾಕಿ, ಕಬ್ಬಿಣದ ಸರಳಿನಲ್ಲಿ ಗಿಡಿದು, ಬೇಕಿದ್ದರೆ ಚರೆ ಹಾಕಿ, ಮತ್ತೆ ನಾರು ಗಿಡಿದು, ಹಿಂದೆ ಕೇಪು ಕೂರಿಸಿ ಕುದುರೆ ಎಳೆಯಬೇಕು. 1857ರ ಸಿಪಾಯಿ ಬಂದರೆ ಟ್ರೇನಿಂಗ್ ಇಲ್ಲದೆ ಕೆಲಸ ಶುರುಮಾಡಬಹುದು. ತೊಂದರೆಯೂ ಅವನದ್ದೇ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಮದ್ದು ತೇವ ಎಳೆಯುತ್ತದೆ. ಹಳೆಯ ಮಸಿ ಇನ್ನೂ ಹೆಚ್ಚು ತೇವ ಎಳೆಯುತ್ತದೆ. ಕೇಪಿನ ಕಿಡಿ ಒಳಗೆ ಹೋಗುವ ಸೂಜಿತೂತು ಮಸಿ ಕಟ್ಟಿ ಮುಚ್ಚುತ್ತದೆ. ಕೇಪು 'ಟಪ್' ಅನ್ನುತ್ತದೆ, ಮದ್ದು ಸುಮ್ಮನಿರುತ್ತದೆ. "ಮಳೆಗಾಲದಲ್ಲಿ ಕೋವಿಗೂ ಶೀತ ಆಗ್ತದೆ, ಅದಕ್ಕೂ ಮದ್ದು ಬೇಕು" ಅಂತ ಮಾವನ ತಮಾಷೆ. ನಮ್ಮ ಕಡೆ ಮದ್ದು ಅಂದರೆ ಔಷಧಿಯೂ ಹೌದಲ್ಲ.

ಇಷ್ಟೆಲ್ಲ ರಗಳೆ ಯಾಕೆ, ಒಂದು ಒಳ್ಳೇ ತೋಟಾ ಕೋವಿ ತಗೊಳ್ಳಬಾರದಾ ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. ಉತ್ತರ 1959ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಇದೆ. ಬೆಳೆ ರಕ್ಷಣೆಗೆಂದು ಕೇಳುವ ರೈತನಿಗೆ ಅಲ್ಲಿ ಹೆಸರಿಸಿರುವುದೇ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು. ಸಿಪಾಯಿಗೆ ಗೀರಿಲ್ಲದ ಕೋವಿ ಕೊಟ್ಟ 1858ರ ಯೋಚನೆಯ ನೆರಳು ನನಗೆ ಇಲ್ಲಿ ಕಾಣುತ್ತದೆ. ನಿನಗೆ ಇಷ್ಟು ಸಾಕು, ಇದಕ್ಕಿಂತ ಚೆನ್ನಾಗಿ ನಡೆಯುವುದು ಬೇಡ. ಅದರಲ್ಲಿ ಅರ್ಥ ಇಲ್ಲವೆಂದೂ ಅಲ್ಲ. ರಾತ್ರಿ ಶಿಕಾರಿಗೆ ಹೋಗಿ ಹಂದಿ ಎಂದುಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿ ಮಲೆನಾಡಿನ ಪೇಪರುಗಳಲ್ಲಿ ಬರ್ತಾನೇ ಇರ್ತದೆ. ನಿಧಾನ ಕೋವಿ ಕೆಲವೊಮ್ಮೆ ಜೀವವನ್ನೂ ಉಳಿಸುತ್ತದೆ.

ಆದರೆ ರೈತನ ಕಡೆಯಿಂದ ನೋಡಿ. ಏಣಿಲು ಭತ್ತ ತೆನೆ ಕಟ್ಟುವ ಹೊತ್ತಿಗೆ ಹಂದಿಗಳ ಹಿಂಡು ಒಂದು ರಾತ್ರಿ ಬಂದು ಹೋದರೆ ಗದ್ದೆಯಲ್ಲಿ ಕೊಯ್ಯಲು ಉಳಿಯುವುದು ಕೆಸರು ಮಾತ್ರ. ಸರಕಾರ ಬೆಳೆ ರಕ್ಷಣೆಗೆ ಅಂತ ಕೋವಿ ಕೊಟ್ಟಿದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರದ್ದೋ ಅವರು ಅಧಿಕಾರ ಕೊಟ್ಟವರದ್ದೋ ಲಿಖಿತ ಆದೇಶ ಬೇಕು. ಕಾಟಿಯಂತೂ ಒಂದನೇ ಶೆಡ್ಯೂಲು, ಬೆಳೆ ತಿಂದಿತು ಅಂತ ಆದೇಶವೂ ಸಿಗದು. ಹಂದಿ ಅಷ್ಟು ಹೊತ್ತು ಗದ್ದೆಯಲ್ಲಿ ಕಾಯುವುದಿಲ್ಲ. ಇನ್ನು ಚುನಾವಣೆ ಬಂದರೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ರಶೀದಿ ತರಬೇಕು. ಯಾರ ಕೋವಿ ಇಡಿಸಬೇಕು ಅಂತ ನೋಡಲು ಜಿಲ್ಲೆಗೊಂದು ಸ್ಕ್ರೀನಿಂಗ್ ಸಮಿತಿ ಇರುತ್ತದೆ. ಮಾವನದ್ದು 2023ರಲ್ಲೂ ಹೋಯಿತು, 2024ರಲ್ಲೂ ಹೋಯಿತು.

ಹಾಗಾಗಿ ಮಾವ ಈಗ ಕೋವಿಗೆ ಗುಂಡು ಹಾಕುವುದೇ ಇಲ್ಲ. ಚರೆಯೂ ಇಲ್ಲ. ಮದ್ದು, ನಾರು, ಕೇಪು ಅಷ್ಟೇ. ರಾತ್ರಿ ಹಂದಿ ಬಂದ ಸದ್ದು ಕೇಳಿದರೆ ಆಕಾಶಕ್ಕೆ ಒಂದು ಖಾಲಿ ಈಡು. ಹಂದಿ ಓಡುತ್ತದೆ, ನಾಳೆ ಮತ್ತೆ ಬರುತ್ತದೆ. ಗುಂಡು ಸಿಕ್ಕಿಬೀಳುವ ಸಮಸ್ಯೆಗೆ ಜಗತ್ತು ಟೊಳ್ಳು ಬುಡ, ಜಿಡ್ಡು, ಹಿತ್ತಾಳೆ, ತಾಮ್ರ ಅಂತ ಏನೇನೋ ಪರಿಹಾರ ಹುಡುಕಿತು. ನಮ್ಮೂರಿನ ಪರಿಹಾರ ಗುಂಡನ್ನೇ ಬಿಟ್ಟುಬಿಡುವುದು.

ಮಾವನಿಗೆ ಎಪ್ಪತ್ತು ದಾಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎಪ್ಪತ್ತು ತುಂಬಿದವರು ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು ಬದುಕಿರುವಾಗಲೇ ಅದನ್ನು ವಾರಸುದಾರನ ಹೆಸರಿಗೆ ಮಾಡಿಸಲು ಅವಕಾಶ ಉಂಟು. ಮಗ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿದ್ದಾನೆ. ಅಪಾರ್ಟ್‌ಮೆಂಟಿನಲ್ಲಿ ಕೋವಿ ಎಲ್ಲಿಡುವುದು, ಟ್ರೇನಿಂಗ್ ಸರ್ಟಿಫಿಕೇಟು, ಐದು ವರ್ಷಕ್ಕೊಮ್ಮೆ ರಿನೀವಲ್ ಯಾರು ಮಾಡಿಸುವುದು, ಬೇಡ ಅಪ್ಪ ಅಂದಿದ್ದಾನೆ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಈ ಅವಧಿ ಮುಗಿದ ಮೇಲೆ ಸರಕಾರಕ್ಕೆ ಒಪ್ಪಿಸಿಬಿಡುತ್ತೇನೆ ಅಂತ ಮಾವ ಹೇಳುತ್ತಿದ್ದಾರೆ. ಒಪ್ಪಿಸಿದ ಮೇಲೆ ಗದ್ದೆ ಕಾಯುವುದು ಹೇಗೆ ಅಂತ ಕೇಳಿದೆ. "ಗದ್ದೆ ಇದ್ದರಲ್ವಾ?" ಅಂದರು. ಮುಂದಿನ ವರ್ಷ ಆ ಜಾಗಕ್ಕೂ ಅಡಿಕೆ ಸಸಿ ಇಡುತ್ತಾರಂತೆ.